ರಾಜಪ್ರಭುತ್ವ ಒಪ್ಪದವ್ರು ನಾಲ್ವಡಿ ಜಯಂತಿಗೆ ಹೋಗ್ಬೋದಾ?

ಪ್ರಶ್ನೆ: ಜೂನ್ 4ಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರ್ ಜಯಂತಿ, ನಮ್ಮ ಬೀದೀಲಿ ಫೋಟೋ ಇಟ್ಟು ಹಾರ ಹಾಕ್ತಾರೆ, ನನ್ನನ್ನೂ ಕರ್ದಿದಾರೆ. ಹುಟ್ಟಿನಿಂದ ಅಧಿಕಾರ ಬರೋದನ್ನ ನಾನು ಒಪ್ಪಲ್ಲ, ಆದ್ರೆ ಆ ಮನುಷ್ಯನ ಮೇಲೆ ಗೌರವ ಇದೆ. ಹೋಗ್ಲಾ?

ಉತ್ತರ: ಹೋಗಿ ಸಾರ್. 1918ರಲ್ಲಿ ಮಿಲ್ಲರ್ ಸಮಿತಿ ಮಾಡಿ, ದಿವಾನ್ ವಿಶ್ವೇಶ್ವರಯ್ಯನೋರು ಒಪ್ದೆ ಇದ್ರೂ ಹಿಂದುಳಿದವ್ರಿಗೆ ಸರ್ಕಾರಿ ಕೆಲಸದಲ್ಲಿ ಮೀಸಲಾತಿ ತಂದ್ರಲ್ಲ, ನಮ್ಮಂಥ ಮನೆಗಳಿಗೆ ಅದು ಎಷ್ಟು ದೊಡ್ಡದು ಗೊತ್ತಾ.

ಉತ್ತರ: ನಿಜ, ಆದ್ರೆ 1938ರ ಏಪ್ರಿಲ್‌ನಲ್ಲಿ ವಿದುರಾಶ್ವತ್ಥದಲ್ಲಿ ಬಾವುಟ ಹಾರಿಸೋಕೆ ಸೇರಿದ್ದ ಜನರ ಮೇಲೆ ಪೊಲೀಸ್ರು ಗುಂಡು ಹಾರಿಸಿದ್ದೂ ಅವ್ರದೇ ಆಳ್ವಿಕೇಲಿ. ಅವ್ರು ಕಟ್ಟಿಸಿದ ಕನ್ನಂಬಾಡಿ ಅಣೆಕಟ್ಟನ್ನ ಹೊಗಳೋವಾಗ ಇದನ್ನೂ ಹೇಳ್ಬೇಕು.

ಉತ್ತರ: ಜನರ ಪ್ರತಿನಿಧಿಗಳು ಸರ್ಕಾರಕ್ಕೆ ಅಹವಾಲು ಹೇಳೋ ಪ್ರಜಾಪ್ರತಿನಿಧಿ ಸಭೆ ಇತ್ತಲ್ಲ ಅಂತಾರೆ, ಇತ್ತು, ಆದ್ರೆ ಕೊನೇ ಮಾತು ಅರಮನೇದೇ. ಹಾರ ಹಾಕಿ ಬನ್ನಿ, ಅಡ್ಡಬೀಳೋದು ಮಾತ್ರ ಬೇಡ.