ಪುಟ್ಟನ ಮೂರು ಯಂತ್ರಗಳು: ಅತ್ತೆಯ ಉತ್ತರ

ಪುಟ್ಟ, ಕನ್ನಡಕ ಎಲ್ಲಿಟ್ಟೆನೋ ಸಿಗುತ್ತಿಲ್ಲ, ಬಾಯಲ್ಲೇ ಹೇಳುತ್ತೇನೆ, ಕೇಳು. ನಿನ್ನ ನಾಲ್ಕು ಲಕ್ಷಕ್ಕೆ ಮೂರು ದಾರಿ ಬರೆದಿದ್ದೀಯ: ತುಮಕೂರಿನಲ್ಲಿ ಚಿಪ್ಸ್ ಪೊಟ್ಟಣ ಉದುರಿಸುವ ಯಂತ್ರ, ಇಲ್ಲಿ ಊರಲ್ಲಿ ನಾಣ್ಯ ಹಾಕಿದರೆ ನೀರು ಬಿಡುವ ಘಟಕ, ಇಲ್ಲವೇ ಹಾಸ್ಟೆಲ್‌ಗಳ ಹತ್ತಿರ ಹುಡುಗರು ತಾವೇ ಬಟ್ಟೆ ಒಗೆದುಕೊಂಡು ಹೋಗುವ ವಾಷಿಂಗ್ ಮೆಷಿನ್. ಅದರ ಕೆಳಗೆ ನಿಮ್ಮಪ್ಪ 'ಕುಳಿತಲ್ಲೇ ದುಡ್ಡು' ಎಂದು ಹಾಕಿದ್ದಾನೆ. ಅಣ್ಣಾ, ನಾನು ಆರು ವರ್ಷ ನೀರಿನ ಘಟಕ ನಡೆಸಿದವಳು. ಕುಳಿತ ನೆನಪೇ ಇಲ್ಲ.

ಪುಟ್ಟ, ಲೆಕ್ಕ ನೋಡು. ನಾನು ನಡೆಸುವಾಗ 20 ಲೀಟರಿನ ಕ್ಯಾನಿಗೆ 5 ರೂಪಾಯಿ. ಪಂಚಾಯಿತಿ ಘಟಕದಲ್ಲೂ ಅಷ್ಟೇ ಇದ್ದಾಗ ನಾನು ಆರು ರೂಪಾಯಿ ಎಂದರೆ ಯಾರು ಬರುತ್ತಿದ್ದರು? ದಿನಕ್ಕೆ ನೂರು ಕ್ಯಾನ್ ಹೋದರೆ 500 ರೂಪಾಯಿ, ಕರೆಂಟು, ಫಿಲ್ಟರು, ನೀರಿನ ಉಪ್ಪು ಸೋಸುವ ಮೆಂಬ್ರೇನು ಎಲ್ಲ ಅದರಲ್ಲೇ. ನಮ್ಮದು ಉಪ್ಪುನೀರು, ಶುದ್ಧವಾಗಿ ಬಂದದ್ದಕ್ಕಿಂತ ಮೋರಿಗೆ ಹೋದದ್ದೇ ಹೆಚ್ಚು. ನಾಣ್ಯದ ಪೆಟ್ಟಿಗೆಯ ಕಥೆ ಇನ್ನೊಂದು. ಐದರ ಹಳೆಯ ಬಿಳಿ ನಾಣ್ಯ 9 ಗ್ರಾಂ, ಆಮೇಲೆ ಬಂದ ಹಳದಿಯದು 6 ಗ್ರಾಂ. ಹಳದಿಗೆ ಹೊಂದಿಸಿದ ಪೆಟ್ಟಿಗೆ ಬಿಳಿಯದನ್ನು ಉಗುಳುತ್ತಿತ್ತು, ಜನ ಪೆಟ್ಟಿಗೆಗೆ ಗುದ್ದುತ್ತಿದ್ದರು. ಯಂತ್ರ ಮಾರಿದವನು ಮೊದಲ ವರ್ಷ ಕಳೆದ ಮೇಲೆ ಫೋನನ್ನೇ ಎತ್ತಲಿಲ್ಲ. ಕೊನೆಗೆ ಸ್ಕ್ರೂಡ್ರೈವರ್ ಹಿಡಿದು ನಾನೇ ಬಿಚ್ಚುವುದನ್ನು ಕಲಿತೆ, ನಿಮ್ಮ ಮಾವ ಟಾರ್ಚ್ ಹಿಡಿದು ನಿಲ್ಲುತ್ತಿದ್ದರು.

ಚಿಪ್ಸ್ ಯಂತ್ರ ಬೇಡವೇ ಬೇಡ. ಹತ್ತು ರೂಪಾಯಿಯ ಪೊಟ್ಟಣದಲ್ಲಿ ಉಳಿಯುವುದು ರೂಪಾಯಿ ಆಸುಪಾಸು, ಮುದ್ರಿತ ಬೆಲೆಗಿಂತ ಒಂದು ಪೈಸೆ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಎದುರಿನ ಬೀಡಾ ಅಂಗಡಿಯವನು ಸಾಲವನ್ನೂ ಕೊಡುತ್ತಾನೆ.

ನನ್ನನ್ನು ಕೇಳಿದರೆ ಬಟ್ಟೆ ಒಗೆಯುವುದೇ ಸರಿ, ಏಕೆಂದರೆ ಅಲ್ಲಿ ನಿನ್ನ ಪೈಪೋಟಿ ಬಕೆಟ್ಟಿನ ಜೊತೆ, ಸರ್ಕಾರಿ ದರದ ಜೊತೆಯಲ್ಲ. ಆದರೆ ಒಂದು ಒಗೆತಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು, ಹುಡುಗರೆಲ್ಲ ಭಾನುವಾರ ಬೆಳಿಗ್ಗೆಯೇ ಬರುತ್ತಾರೆ. ಎರಡು ಮೆಷಿನ್ ಇಟ್ಟು ವಾರವಿಡೀ ತುಂಬಿರುತ್ತದೆ ಎಂದು ಲೆಕ್ಕ ಹಾಕಬೇಡ. ಕರೆಂಟಿನ ಮೀಟರ್ ವಾಣಿಜ್ಯ ದರದ್ದು, ಅದನ್ನು ಮಾಲೀಕನ ಹತ್ತಿರ ಮೊದಲೇ ಮಾತಾಡು. ಮೆಷಿನ್ನಿಗಿಂತ ಮೊದಲು ರಿಪೇರಿಯವನನ್ನು ಹುಡುಕು, ತುಮಕೂರಿನಲ್ಲೇ ಇರುವವನನ್ನು. ಬೆಂಗಳೂರಿನಿಂದ ಬರುತ್ತೇನೆ ಎನ್ನುವವನ ಮಾತು ಕೇಳಬೇಡ.

ಅಯ್ಯೋ, ಕುಕ್ಕರ್ ಕೂಗಿತು, ಇರು... ಹಾಂ. ನೀರಿನ ಪೀಡೆ ಅಲ್ಲೂ ಬಿಡುವುದಿಲ್ಲ. ಉಪ್ಪುನೀರಾದರೆ ಬಿಸಿ ಮಾಡುವ ಕಾಯಿಲ್ ಮೇಲೆ ಸುಣ್ಣದಂತೆ ಕಟ್ಟಿಕೊಳ್ಳುತ್ತದೆ, ಸೋಪು ನೊರೆಯೂ ಬರುವುದಿಲ್ಲ. ಅಂಗಡಿಗೆ ಮುಂಗಡ ಕೊಡುವ ಮೊದಲು ಅಲ್ಲಿನ ನಲ್ಲಿಯಲ್ಲಿ ಒಂದು ಕರವಸ್ತ್ರ ಒಗೆದು ನೋಡು. ನೀರಿನಲ್ಲಿ ಉಪ್ಪು ಎಷ್ಟು ಕರಗಿದೆ ಎಂದು ತೋರಿಸುವ ನನ್ನ ಟಿಡಿಎಸ್ ಮೀಟರ್ ಇನ್ನೂ ಇದೆ, ಬುಧವಾರ ಅಣ್ಣ ಬಂದಾಗ ಕೊಟ್ಟು ಕಳುಹಿಸುತ್ತೇನೆ. ಬ್ಯಾಟರಿ ಮಾತ್ರ ನೀನೇ ಹಾಕಿಸಿಕೋ.