ಹೊಸ ಡಬ್ಲ್ಯೂಎಪಿ-7 ಮಾಡೆಲ್‌ಗೆ ಅಡ್ವಾನ್ಸ್ ಕಟ್ಟಬಹುದಾ? ಕಟ್ಟಿದವರು ಅನುಭವ ಹೇಳಿ

ಎಸ್.ಎಸ್. ಪುರಂ ಸೈಡಿಂಗ್ (ತುಮಕೂರು):
ಎಲ್ಲರಿಗೂ ನಮಸ್ಕಾರ. ಎಚ್‌ಓ ಸ್ಕೇಲ್‌ನಲ್ಲಿ (ಅಸಲಿಯ 87ರಲ್ಲಿ ಒಂದು ಪಾಲಿನ ಅಳತೆ) ಡಬ್ಲ್ಯೂಎಪಿ-7 ಅನ್ನೋ ಕರೆಂಟ್ ರೈಲ್ವೆ ಇಂಜಿನ್ನಿನ ಪುಟ್ಟ ಮಾಡೆಲ್ ಬರ್ತಿದೆ ಅಂತ ಸ್ಯಾಂಪಲ್ ಫೋಟೋ ಬಿಟ್ಟಿದ್ದಾರೆ, ನೋಡಿರ್ತೀರ. ಸಾದಾ ಡಿಸಿ (ಹಳಿಗೆ ಕೊಡೋ ಕರೆಂಟ್ ಏರಿಳಿಸಿ ಓಡಿಸೋದು) 21,500 ರೂಪಾಯಿ, ಸೌಂಡ್ ಇರೋದು 33,000. ಅರ್ಧ ದುಡ್ಡು ಈಗಲೇ ಕಟ್ಟಬೇಕಂತೆ. ನನ್ನ ಹತ್ರ ಇರೋದು 8x4 ಅಡಿ ಪ್ಲೈವುಡ್ ಒಂದು, ಹಳಿ ಇನ್ನೂ ಹಾಕಿಲ್ಲ. ಈಗಲೇ ಬುಕ್ ಮಾಡ್ಲಾ, ಅಂಗಡಿಗೆ ಬಂದಮೇಲೆ ತಗೊಳ್ಲಾ, ಇಲ್ಲಾ ಸೆಕೆಂಡ್ ಹ್ಯಾಂಡ್ ಆಲ್ಕೋ ಡಬ್ಲ್ಯೂಡಿಎಂ-2 ಡೀಸೆಲ್ ಇಂಜಿನ್ ಮಾಡೆಲ್ ಒಂದು 9,000ಕ್ಕೆ ಸಿಗ್ತಿದೆ, ಅದನ್ನೇ ಹಿಡೀಲಾ? ಮಗಳಿಗೆ ಏಳು ವರ್ಷ, ಅವಳೂ ಓಡಿಸೋ ಹಾಗಿರಬೇಕು.

ಬಂಗಾರಪೇಟೆ ಔಟರ್:
ಕಟ್ಟಬೇಡಿ ಸರ್. ಹಿಂದೆ ಬೇರೊಬ್ಬ ತಯಾರಕರು ಡಬ್ಲ್ಯೂಎಜಿ-9 ಗೂಡ್ಸ್ ಇಂಜಿನ್ ಮಾಡ್ತೀವಿ ಅಂದಾಗ ನಾನು 8,000 ಕಟ್ಟಿದ್ದೆ. ದೀಪಾವಳಿಗೆ ಅಂದ್ರು, ಸಂಕ್ರಾಂತಿಗೆ ಅಂದ್ರು, ಯುಗಾದಿನೂ ಮುಗೀತು. ಫೋನ್ ಎತ್ತೋದೇ ನಿಲ್ಲಿಸಿದ್ರು. ಕೊನೆಗೆ ಡಾಲರ್ ಏರಿದೆ ಅಂತ ಮಾತಾಡಿದ್ದ ರೇಟಿನ ಮೇಲೆ 3,200 ಕೇಳಿದ್ರು. ಕೊರಿಯರ್ 650 ಬೇರೆ. ಡಬ್ಬ ಬಿಚ್ಚಿದ್ರೆ ಒಂದು ಪ್ಯಾಂಟೋಗ್ರಾಫ್‌ನ (ಮೇಲಿನ ತಂತಿಯಿಂದ ಕರೆಂಟ್ ತಗೊಳ್ಳೋ ಚೌಕಟ್ಟು) ಸ್ಪ್ರಿಂಗ್ ಕಿತ್ತು ಫೋಮಿನೊಳಗೆ ಸಿಕ್ಕಾಕಿಕೊಂಡಿದೆ, ಕ್ಯಾಬ್ ಬಾಗಿಲ ಪಕ್ಕದ ಹಿಡಿಕಂಬಿ ಎರಡು ತುಂಡು.

ಅದಾದ್ರೂ ಹೋಗ್ಲಿ. ಹಳಿ ಮೇಲಿಟ್ರೆ ಒಂದೊಂದು ಪಾಯಿಂಟ್‌ನಲ್ಲೂ (ಹಳಿ ಕವಲೊಡೆಯೋ ಜಾಗ) ಹಳಿ ಬಿಟ್ಟು ಇಳಿಯೋದು. ಕ್ಯಾಲಿಪರ್ ಹಾಕಿ ನೋಡಿದ್ರೆ ಚಕ್ರದ ಒಳಮೈಯಿಂದ ಒಳಮೈಗೆ 14.4 ಮಿ.ಮೀ. ಇರಬೇಕಾದ್ದು 13.9 ಇತ್ತು. ಆ ಅರ್ಧ ಮಿಲ್ಲಿಯಲ್ಲೇ ಚಕ್ರ ಪಾಯಿಂಟ್‌ನಲ್ಲಿರೋ ಚೆಕ್ ರೇಲ್ ಅನ್ನೋ ಒಳಗಿನ ಕಾವಲು ಹಳಿ ಹತ್ತಿಬಿಡುತ್ತೆ. ಫೋಟೋ ಕಳಿಸಿದ್ರೆ ನಿಮ್ಮ ಹಳಿ ಸರಿಯಿಲ್ಲ ಅಂತ ನನಗೇ ಪಾಠ. ಚಕ್ರ ಎಳೆಯೋ ವೀಲ್ ಪುಲ್ಲರ್ 1,150, ಅಂತರ ನೋಡೋ ಅಳತೆಪಟ್ಟಿ 900, ಹೊಸ ಸ್ಪ್ರಿಂಗ್ 380 ಕೊಟ್ಟು ಆರೂ ಆಕ್ಸಲ್ ನಾನೇ ಎಳೆದು ಸರಿಮಾಡ್ಕೊಂಡೆ. ಈಗ ಬೆಣ್ಣೆ ಥರ ಓಡುತ್ತೆ, ಆದ್ರೆ ಅದು ನನ್ನ ಕೈಕೆಲಸ, ಅವರದ್ದಲ್ಲ.

ಕ್ಯಾತ್ಸಂದ್ರ ಅಪ್ ಲೈನ್:
ನಾನು ಸೌಂಡ್ ಮಾಡೆಲ್‌ಗೇ ಬುಕ್ ಮಾಡಿದೀನಿ, ನೆಮ್ಮದಿಯಾಗಿದೀನಿ. ಎಲ್ಲರೂ ಬಂದಮೇಲೆ ನೋಡೋಣ ಅಂತ ಕೂತ್ರೆ ಅಚ್ಚು ಮಾಡಿಸೋಕೆ ದುಡ್ಡು ಯಾರು ಹಾಕ್ತಾರೆ? ಇಂಜೆಕ್ಷನ್ ಮೋಲ್ಡ್ ಅಂದ್ರೆ ಲಕ್ಷಗಟ್ಟಲೆ ಖರ್ಚು. ಇವರು ಜಾಣತನ ಮಾಡಿದಾರೆ. ಡಬ್ಲ್ಯೂಎಪಿ-7 ಹುಟ್ಟಿದ್ದೇ ಡಬ್ಲ್ಯೂಎಜಿ-9ರಿಂದ, ಗೇರ್ ಅನುಪಾತ 72:20 ಮಾಡಿ ಪ್ಯಾಸೆಂಜರ್‌ಗೆ ಹೊಂದಿಸಿದ್ದು. ಒಂದೇ ಅಚ್ಚಲ್ಲಿ ಹಸಿರು ಗೂಡ್ಸ್ ಇಂಜಿನ್ನೂ ಬರುತ್ತೆ, ಬಿಳಿ-ಕೆಂಪು ಪ್ಯಾಸೆಂಜರ್ ಇಂಜಿನ್ನೂ ಬರುತ್ತೆ.

ಸ್ಯಾಂಪಲ್‌ನಲ್ಲಿ ನನಗೆ ಬೇಜಾರಾದದ್ದು ಎರಡು. ಕ್ಯಾಟಲ್ ಗಾರ್ಡ್ (ಹಳಿ ಮೇಲಿನ ದನಕರು ತಳ್ಳೋಕೆ ಇಂಜಿನ್ ಮುಂದೆ ಇರೋ ತಡೆ) ಹಳಿಯಿಂದ ತೀರಾ ಮೇಲಿದೆ. ಬಿಗಿ ತಿರುವಲ್ಲಿ ತಾಗಬಾರದು ಅಂತ ಎತ್ತಿದಾರೆ, ಆದ್ರೆ ಮುಂದಿನಿಂದ ನೋಡಿದ್ರೆ ಇಂಜಿನ್ ತುದಿಗಾಲಲ್ಲಿ ನಿಂತಂಗೆ ಕಾಣುತ್ತೆ. ಇನ್ನೊಂದು, ಕೆಂಪು ಪಟ್ಟಿ ಕ್ಯಾಬ್ ಮೂಲೆ ತಿರುಗೋ ಜಾಗದಲ್ಲಿ ಒಂದು ಕೂದಲೆಳೆಯಷ್ಟು ಕೆಳಗಿಳಿದಿದೆ. ಫೋಟೋ ದೊಡ್ಡದು ಮಾಡಿ ನೋಡಿ. ಎರಡನ್ನೂ ಬರೆದು ಕಳಿಸಿದೀನಿ. ದುಡ್ಡು ಕಟ್ಟಿದವರ ಮಾತಿಗೆ ಬೆಲೆ ಇರುತ್ತೆ.

ಬಂಗಾರಪೇಟೆ ಔಟರ್:
ನಾನೂ ಕಟ್ಟಿದ್ದೆ ಸ್ವಾಮಿ. ನನ್ನ ಮಾತಿಗೆ ಏನು ಬೆಲೆ ಬಂತು ಅಂತ ಮೇಲೆ ಬರೆದಿದೀನಿ, ಓದಿ.

ನಂದಿ ಹಾಲ್ಟ್ (ಚಿಕ್ಕಬಳ್ಳಾಪುರ):
ಪಟ್ಟಿ ಕೂದಲೆಳೆ ಇಳಿದಿರೋದು ಕಾಣುತ್ತೆ, ಹಳಿನೇ ತಪ್ಪಿರೋದು ಕಾಣಲ್ವಾ? ಎಚ್‌ಓ ಅಂದ್ರೆ 1:87. ನಮ್ಮ ಬ್ರಾಡ್ ಗೇಜ್, ಅಂದ್ರೆ ಎರಡು ಹಳಿ ನಡುವಿನ ಅಂತರ, 1676 ಮಿ.ಮೀ. ಭಾಗಿಸಿದ್ರೆ 19.26 ಬರಬೇಕು. ಇವರೆಲ್ಲ ಓಡಿಸೋದು 16.5ರ ಹಳಿ ಮೇಲೆ, ಅದು ಯುರೋಪಿನ 1435ರ ಗೇಜು. ಅದಕ್ಕೇ ಇಂಡಿಯನ್ ಮಾಡೆಲ್ ಯಾವುದನ್ನ ಎದುರಿಗೆ ನಿಂತು ನೋಡಿದ್ರೂ ಚಕ್ರ ಒಳಗೆ ಸೇರ್ಕೊಂಡು ಮೈ ಹೊರಗೆ ಚಾಚಿರುತ್ತೆ. ಇದಕ್ಕೆ 33,000 ಕೊಡೋದು ನನ್ನಿಂದಾಗಲ್ಲ.

ನಾನು ಹಿಡಿದಿರೋದು ನಮ್ಮೂರಿನ ನ್ಯಾರೋ ಗೇಜ್. ಯಲಹಂಕ, ಚಿಕ್ಕಬಳ್ಳಾಪುರ, ಕೋಲಾರ, ಬಂಗಾರಪೇಟೆ, ಇಡೀ ದಾರಿ 762 ಮಿ.ಮೀ. ಇತ್ತು. 87ರಿಂದ ಭಾಗಿಸಿ: 8.76. ಎಚ್‌ಓಗಿಂತ ಚಿಕ್ಕದಾದ ಎನ್ ಸ್ಕೇಲ್‌ನ 9 ಮಿ.ಮೀ. ಹಳಿಗೆ ಹೆಚ್ಚುಕಮ್ಮಿ ಸರಿಯಾಗಿ ಕೂರುತ್ತೆ. ಜಪಾನಿನ ಕಾಟೋ ಕಂಪನಿಯ ಪುಟ್ಟ ಚಾಸಿ (ಮೋಟರು, ಚಕ್ರ ಇರೋ ತಳ) 3,400, ಸ್ಟೈರೀನ್ ಪ್ಲಾಸ್ಟಿಕ್ ಹಾಳೆ 560, ಹಿತ್ತಾಳೆ ತಂತಿ 120. ಮೈ ಪೂರ್ತಿ ನಾನೇ ಕಟ್ಟಿದ್ದು. ನಂದಿ ಹಾಲ್ಟ್ ಸ್ಟೇಷನ್ನನ್ನ ರಟ್ಟಲ್ಲಿ ಮಾಡಿ ಹಿಂದೆ ಬೆಟ್ಟ ಬರೆದಿದೀನಿ. ಯಾರಿಗೂ ಅಡ್ವಾನ್ಸ್ ಕಟ್ಟಿಲ್ಲ.

ನೆಲಕ್ಕೆ ಊರಿನ ಕೆಮ್ಮಣ್ಣೇ ಹಾಕೋರು ಒಂದು ವಿಷಯ ನೆನಪಿಟ್ಕೊಳಿ. ಮಣ್ಣನ್ನ ಬಟ್ಟೇಲಿ ಜರಡಿ ಹಿಡಿದು ಪೇಪರ್ ಮೇಲೆ ಹರಡಿ, ಪ್ಲಾಸ್ಟಿಕ್ ಕವರ್ ಸುತ್ತಿದ ಆಯಸ್ಕಾಂತ ಆಡಿಸಿ. ಕಪ್ಪು ಪುಡಿ ಮೀಸೆ ಥರ ಎದ್ದು ನಿಲ್ಲುತ್ತೆ. ಏನೂ ಹತ್ತದೇ ಇರೋವರೆಗೂ ಮತ್ತೆ ಮತ್ತೆ ಆಡಿಸಿ. ಆ ಕಬ್ಬಿಣದ ಪುಡಿ ಮೋಟರಿನ ಮ್ಯಾಗ್ನೆಟ್‌ಗೆ ಹೋಗಿ ಅಂಟಿದ್ರೆ ಇಂಜಿನ್ ಕತೆ ಮುಗೀತು.

ಶಿರಾ ಗೇಟ್:
ಹಾಗಂದ್ರೆ ದೇಶದಲ್ಲಿ ಎಚ್‌ಓ ಮಾಡೋರೆಲ್ಲ ಲೆಕ್ಕ ಬರದೇ ಇರೋರಾ? 19.26ರ ಹಳಿ, ಪಾಯಿಂಟು ಯಾವ ಅಂಗಡೀಲಿ ರೆಡಿ ಸಿಗುತ್ತೆ ಹೇಳಿ ಅಣ್ಣ. ಹಳಿ ನಾವೇ ಕೈಯಲ್ಲಿ ಬೆಸುಗೆ ಹಾಕಬೇಕು, ಚಕ್ರ ಲೇತ್‌ನಲ್ಲಿ ಕಡೆಸಬೇಕು.

ನಾನು 3ಡಿ ಪ್ರಿಂಟರ್ ತಗೊಂಡು ಡಬ್ಲ್ಯೂಡಿಪಿ-4 ಡೀಸೆಲ್ ಇಂಜಿನ್ನಿನ ಮೈ ತೆಗೆದಿದೀನಿ. ಪ್ರಿಂಟರ್ 24,000, ರೆಸಿನ್ (ಬೆಳಕು ಬಿದ್ರೆ ಗಟ್ಟಿಯಾಗೋ ದ್ರವ) ಲೀಟರ್‌ಗೆ 2,100, ತೊಳೆಯೋ ಐಸೋಪ್ರೊಪೈಲ್ ಬೇರೆ. ಈಗ ಒಂದು ಮೈಗೆ ಬೀಳೋದು 700 ರೂಪಾಯಿ ಸಾಮಾನು. ಬೇಕಂದೋರಿಗೆ 4,500ಕ್ಕೆ ಮಾಡಿಕೊಡ್ತೀನಿ.

ಬಂಗಾರಪೇಟೆ ಔಟರ್:
ಪ್ರಿಂಟ್ ಮಾಡಿದ್ದು ಬೇಡವೇ ಬೇಡ. ಒಬ್ಬರ ಹತ್ರ ಹಳೇ ಮಾದರಿಯ ಐಸಿಎಫ್ ಕೋಚ್ ಎರಡು 3,800ಕ್ಕೆ ತಗೊಂಡು ಕಾರಲ್ಲಿಟ್ಟು ಕೋಲಾರಕ್ಕೆ ಮದುವೆಗೆ ಹೋಗಿದ್ದೆ. ಏಪ್ರಿಲ್ ಬಿಸಿಲು. ಬಂದು ನೋಡಿದ್ರೆ ಚಾವಣಿ ಬಾಳೆಕಾಯಿ ಆಗಿತ್ತು.

ಶಿರಾ ಗೇಟ್:
ಅದು ಪಿಎಲ್‌ಎ ಅನ್ನೋ ಪ್ಲಾಸ್ಟಿಕ್. 60 ಡಿಗ್ರಿ ಹತ್ರ ಬಂದ್ರೆ ಮೆತ್ತಗಾಗುತ್ತೆ, ಮುಚ್ಚಿದ ಕಾರಲ್ಲಿ ಅಷ್ಟು ಆಗೇ ಆಗುತ್ತೆ. ನಾನು ಮಾಡೋದು ರೆಸಿನ್, ಪದರ ಹುಡುಕಿದ್ರೂ ಕಾಣಲ್ಲ. ಎರಡನ್ನೂ ಒಂದೇ ತಕ್ಕಡೀಲಿ ತೂಗಬೇಡಿ. ರಾತ್ರಿಯೆಲ್ಲ ಕೂತು ಮಾಡೋರ ಕೆಲಸ ಇದು.

ಎಸ್.ಎಸ್. ಪುರಂ ಸೈಡಿಂಗ್:
ದಯವಿಟ್ಟು ನನ್ನ ಹಲಗೆ ಬಗ್ಗೆ ಯಾರಾದ್ರೂ ಹೇಳಿ. 8x4ರಲ್ಲಿ ಈ ಇಂಜಿನ್ ತಿರುಗುತ್ತಾ?

ಕ್ಯಾತ್ಸಂದ್ರ ಅಪ್ ಲೈನ್:
ತಿರುಗುತ್ತೆ, ಆದ್ರೆ 371 ಮಿ.ಮೀ. ತ್ರಿಜ್ಯದ ತಿರುವು ಬೇಡ. ಇಂಜಿನ್ನೇ 236 ಮಿ.ಮೀ. ಉದ್ದ, ಮೂರು ಮೂರು ಆಕ್ಸಲ್. ಹೊಸ ಮಾದರಿಯ ಎಲ್‌ಎಚ್‌ಬಿ ಕೋಚ್ 270. ನಿಮ್ಮ ಅಗಲ 1220, ಹಾಗಾಗಿ 505ರ ತಿರುವು ಹಾಕಿ. ಎರಡೂ ತುದಿ ತಿರುವಿಗೆ ಹೋದಮೇಲೆ ಉದ್ದಕ್ಕೆ 1400 ಹತ್ರ ನೇರ ಹಳಿ ಉಳಿಯುತ್ತೆ. ಇಂಜಿನ್ ಜತೆ ನಾಲ್ಕು ಕೋಚ್ ನಿಂತ್ರೆ ಅಷ್ಟೂ ತುಂಬಿತು. ನಾನು ಮೊದಲ ದಿನದಿಂದ 505ರಲ್ಲೇ ಇದೀನಿ, ಒಂದು ಕೋಚೂ ಇಳಿದಿಲ್ಲ. ಸೌಂಡ್ ತಗೊಂಡ್ರೆ ಎಲ್ಲಾ ಶಬ್ದ ಪೂರ್ತಿ ಆಡಿಸೋಕೆ ಡಿಸಿಸಿ (ಹಳಿ ಮೂಲಕ ಇಂಜಿನ್‌ಗೆ ಡಿಜಿಟಲ್ ಆಜ್ಞೆ ಕಳಿಸೋ) ಕಂಟ್ರೋಲರ್ ಬೇಕು, ನನಗೆ 19,000 ಬಿತ್ತು. ಬರೀ ಡಿಸಿ ತಗೊಂಡು 21 ಪಿನ್ ಸಾಕೆಟ್ ಇದೆಯಾ ನೋಡ್ಕೊಂಡ್ರೆ ಆ ಆಜ್ಞೆ ಓದೋ ಡಿಕೋಡರ್ ಆಮೇಲೆ ಹಾಕಬಹುದು. ಆದ್ರೆ ಸೌಂಡ್ ಇಲ್ಲದ ಡಬ್ಲ್ಯೂಎಪಿ-7 ನನಗೆ ಸೇರಲ್ಲ.

ಹಿರೇಹಳ್ಳಿ ಲೂಪ್:
ಆ 33,000ಕ್ಕೆ ಹೊರಗಡೆಯಿಂದ ಒಳ್ಳೇ ಇಂಜಿನ್ ಬರುತ್ತೆ. ನಮ್ಮ ಭಾವಮೈದ ಜರ್ಮನಿಯಿಂದ ಬರೋವಾಗ ತಂದುಕೊಟ್ಟ. ಪಾರ್ಸೆಲ್‌ನಲ್ಲಿ ತರಿಸಿದ್ದಕ್ಕೆ ಮಾತ್ರ ಕೈ ಸುಟ್ಟಿತು. ಆಟಿಕೆ ಮೇಲಿನ ಕಸ್ಟಮ್ಸ್ 2020ರಲ್ಲಿ 20ರಿಂದ 60 ಪರ್ಸೆಂಟ್ ಆಯ್ತು, 2023ರಲ್ಲಿ 70. ಅದರ ಮೇಲೆ ಜಿಎಸ್‌ಟಿ. 6,000ದ ವ್ಯಾಗನ್ ಸೆಟ್ಟಿಗೆ ಸುಂಕವೇ ಸಾಮಾನಿನ ಹತ್ತಿರಕ್ಕೆ ಬಂತು. ಇದು ದೊಡ್ಡವರ ಕಲೆಕ್ಷನ್ ಮಾಡೆಲ್, ಆಟಿಕೆ ಅಲ್ಲ ಅಂತ ಎಷ್ಟು ಹೇಳಿದ್ರೂ ಕೇಳಲಿಲ್ಲ.

ಶಿರಾ ಗೇಟ್:
ಕೇಳೋದೂ ಇಲ್ಲ. ಕಸ್ಟಮ್ಸ್ ಪಟ್ಟಿಯ 9503 ಅನ್ನೋ ಶೀರ್ಷಿಕೇಲಿ ಆಟಿಕೆ ಜತೆಗೇ ಸ್ಕೇಲ್ ಮಾಡೆಲ್ ಅಂತಾನೂ ಸೇರಿಸಿದಾರೆ. ಅದಕ್ಕೇ ಇಲ್ಲಿ ಮಾಡೋರ ಕೈ ಹಿಡೀರಿ ಅನ್ನೋದು. ಭಾವಮೈದ ಎಲ್ಲರಿಗೂ ಇರಲ್ಲ.

ಹಿರೇಹಳ್ಳಿ ಲೂಪ್:
ಮನೆಯವರ ವಿಷಯಕ್ಕೆ ಬರಬೇಡಿ. ನಿಮ್ಮ ವ್ಯಾಪಾರ ಬೇರೆ ಕಡೆ ಮಾಡ್ಕೊಳಿ.

ನಂದಿ ಹಾಲ್ಟ್ (ಚಿಕ್ಕಬಳ್ಳಾಪುರ):
ಫಾರಿನ್ ಇಂಜಿನ್ನೂ ಬೇಡ, ದೆಹಲಿ ರಾಜಧಾನಿ ಎಕ್ಸ್‌ಪ್ರೆಸ್ಸೂ ಬೇಡ. ನಮ್ಮ ಕೋಲಾರ ಸೀಮೆಗೆ ಮೂಲ ಅಂದ್ರೆ ನ್ಯಾರೋ ಗೇಜ್. ಚಿಕ್ಕಬಳ್ಳಾಪುರ–ಕೋಲಾರ ಬ್ರಾಡ್ ಆಗಿದ್ದು 2013ರಲ್ಲಿ. ಅದಕ್ಕೂ ಮುಂಚೆ ಆ ಪುಟ್ಟ ಗಾಡಿಯೇ ನಮ್ಮ ಗಾಡಿ ಅಂತ ಇದ್ದೋರು ನಾವು. ಅದನ್ನ ಮಾಡೋಕೆ ಒಬ್ಬ ತಯಾರಕನೂ ಮುಂದೆ ಬಂದಿಲ್ಲ.

ಬಂಗಾರಪೇಟೆ ಔಟರ್:
ಇಡೀ ಸೀಮೆಗೆ ಸೇರಿಸಿ ಹೇಳಬೇಡಿ. ಬಂಗಾರಪೇಟೆ–ಮಾರಿಕುಪ್ಪಂ ಹಾದಿ 1894ರಲ್ಲಿ ಹಾಕಿದಾಗಲೇ ಬ್ರಾಡ್ ಗೇಜ್, ಕೆಜಿಎಫ್ ಗಣಿಗೋಸ್ಕರ. ನಿಮ್ಮ ನ್ಯಾರೋ ಗೇಜ್ ಕೋಲಾರಕ್ಕೆ ಬಂದಿದ್ದು 1913ರಲ್ಲಿ. ನಮ್ಮಲ್ಲಿ ಎರಡೂ ಗೇಜು ಒಂದೇ ಸ್ಟೇಷನ್ನಲ್ಲಿ ನಿಂತಿರೋದು ನೋಡಿ ಬೆಳೆದೋರು ನಾವು.

ಹಿರೇಹಳ್ಳಿ ಲೂಪ್:
ಹಳೇದು ಅಂತ ಬಂದ್ರೆ ತುಮಕೂರಿಗೆ ಬೆಂಗಳೂರಿಂದ ಮೀಟರ್ ಗೇಜ್ 1884ಕ್ಕೇ ಬಂತು. 12 ಮಿ.ಮೀ. ಹಳಿ ಮೇಲೆ ಮೀಟರ್ ಗೇಜಿನ ಡೀಸೆಲ್ ಇಂಜಿನ್ ವೈಡಿಎಂ-4 ಯಾರಾದ್ರೂ ತಂದ್ರೆ ಅಡ್ವಾನ್ಸ್ ಪೂರ್ತಿ ನಾನೇ ಕಟ್ತೀನಿ.

ಎಸ್.ಎಸ್. ಪುರಂ ಸೈಡಿಂಗ್:
505ರ ತಿರುವಿನ ಹಳಿಗೆ ಹೇಳಿದೀನಿ. ಆಲ್ಕೋ ನೋಡೋಕೆ ಭಾನುವಾರ ಹೋಗ್ತಿದೀನಿ, ಕ್ಯಾಲಿಪರ್ ಜತೆಗೇ ಒಯ್ತೀನಿ. ಬುಕಿಂಗ್ ತಿಂಗಳ ಕೊನೆವರೆಗೂ ಇದೆಯಂತೆ.

ಬಂಗಾರಪೇಟೆ ಔಟರ್:
ಆರೂ ಆಕ್ಸಲ್ ಅಳೀರಿ, ಒಂದೆರಡು ಅಳೆದು ಬಿಡಬೇಡಿ. 14.4 ಇಲ್ಲ ಅಂದ್ರೆ 1,500 ಇಳಿಸಿ ಅಂತ ಕೇಳಿ.

ಕ್ಯಾತ್ಸಂದ್ರ ಅಪ್ ಲೈನ್:
ಕ್ಯಾಟಲ್ ಗಾರ್ಡ್ ಬಗ್ಗೆ ನಾನು ಬರೆದದ್ದಕ್ಕೆ ಉತ್ತರ ಬಂತು. ಕೆಳಗೆ ಇಳಿಸೋ ಇನ್ನೊಂದು ತುಂಡು ಡಬ್ಬದಲ್ಲೇ ಕೊಡ್ತಾರಂತೆ, ದೊಡ್ಡ ತಿರುವು ಇರೋರು ಹಾಕ್ಕೋಬಹುದು. ಪಟ್ಟಿ ವಿಷಯಕ್ಕೆ ಇನ್ನೂ ಏನೂ ಹೇಳಿಲ್ಲ, ಮತ್ತೆ ಬರೀತೀನಿ.