ಪದಚರ್ಚೆ: ರಿಮೋಟ್ ಜಲಾಂತರ್ಗಾಮಿ ಕಟ್ಟುವವರಿಗೆ ‘ಮುಳುಗು’ ಒಂದೇ ಸಾಕೇ?

ಎಲ್ಲರಿಗೂ ನಮಸ್ಕಾರ.

ರಿಮೋಟಿನಿಂದ ನಡೆಸುವ ಪುಟ್ಟ ಜಲಾಂತರ್ಗಾಮಿಯನ್ನು ಮೊದಲ ಸಲ ಕಟ್ಟುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಮೋಟಾರು, ಬ್ಯಾಟರಿ, ಸರ್ವೋ, ರಿಸೀವರ್ ಇವುಗಳ ಬಗ್ಗೆ ತಕರಾರಿಲ್ಲ, ಅವು ಹಾಗೇ ಇರಲಿ. ತೊಡಕು ಬರುವುದು ನೀರಿಗೆ ಸಂಬಂಧಪಟ್ಟ ಪದಗಳಲ್ಲಿ. ಅದರಲ್ಲೂ ‘ಮುಳುಗು’ ಅನ್ನುವ ಪದ ಜಾಸ್ತಿ ಕಾಡುತ್ತಿದೆ. ಬಲ್ಲವರು ತಿಳಿಸಬೇಕು.

ಮೊದಲು ಸಂಗತಿ ಏನೆಂದು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಸುಮ್ನೆ ಪದಕ್ಕೆ ಪದ ಹುಡುಕಿದ ಹಾಗಾಗುತ್ತದೆ. ಇಂಥ ಮಾದರಿಗಳು ನೀರೊಳಗೆ ಇಳಿಯಲು ಎರಡು ದಾರಿಗಳಿವೆ. ಒಂದು ಬಗೆಯ ಮಾದರಿ ಯಾವಾಗಲೂ ನೀರಿಗಿಂತ ತುಸು ಹಗುರ. ನಿಂತಿದ್ದರೆ ತೇಲುತ್ತದೆ. ಮುಂದಕ್ಕೆ ಓಡುವಾಗ ಅಕ್ಕಪಕ್ಕದ ರೆಕ್ಕೆಗಳನ್ನು ಓರೆ ಮಾಡಿದರೆ ಹರಿಯುವ ನೀರೇ ಅದನ್ನು ಕೆಳಕ್ಕೆ ಒತ್ತುತ್ತದೆ. ಮೋಟಾರು ನಿಂತಿತೋ, ಮೇಲೆ ಬಂತು. ಇನ್ನೊಂದು ಬಗೆಯಲ್ಲಿ ಹೊಟ್ಟೆಯೊಳಗೆ ಒಂದು ತೊಟ್ಟಿ ಇರುತ್ತದೆ. ಅದಕ್ಕೆ ನೀರು ತುಂಬಿಕೊಂಡು ನಿಂತಲ್ಲೇ ಇಳಿಯುತ್ತದೆ, ನೀರು ಹೊರಹಾಕಿ ಏಳುತ್ತದೆ. ಇಂಗ್ಲಿಷಿನವರು ಮೊದಲನೆಯದನ್ನು ಡೈನಮಿಕ್ ಡೈವರ್, ಎರಡನೆಯದನ್ನು ಸ್ಟ್ಯಾಟಿಕ್ ಡೈವರ್ ಅನ್ನುತ್ತಾರೆ. ಹೊಸಬರು ಮೊದಲನೆಯದನ್ನೇ ಕಟ್ಟಲಿ ಎಂಬುದು ನನ್ನ ಅಭಿಪ್ರಾಯ. ತೊಟ್ಟಿ, ಪಂಪು ಯಾವುದೂ ಬೇಡ. ಬ್ಯಾಟರಿ ಮುಗಿದರೂ ಮಾದರಿ ಕೈಗೆ ಸಿಗುತ್ತದೆ.

ಇವಕ್ಕೆ ಕನ್ನಡದಲ್ಲಿ ಏನನ್ನೋಣ? ‘ಚಲನಶೀಲ’, ‘ಸ್ಥಿರ’ ಅಂತ ಒಬ್ಬ ಗೆಳೆಯರು ಸೂಚಿಸಿದರು. ‘ಸ್ಥಿರ’ ಇಲ್ಲಿ ದಾರಿ ತಪ್ಪಿಸುತ್ತದೆ. ಓದುವವರು ಅದನ್ನು ಅಲುಗಾಡದ, ನಂಬಬಹುದಾದ ಮಾದರಿ ಎಂದುಕೊಳ್ಳುತ್ತಾರೆ. ನಿಜದಲ್ಲಿ ಹತೋಟಿಗೆ ತರಲು ಕಷ್ಟವಾದದ್ದು ಅದೇ! ನನ್ನ ಮನಸ್ಸು ಗುಳುಮುಳುಕ ಹಕ್ಕಿಯ ಕಡೆ ಹೋಯಿತು. ಕೆರೆಯಲ್ಲಿ ಗುಳುಕ್ಕನೆ ಮುಳುಗಿ ಬೇರೆಲ್ಲೋ ಏಳುವ ಹಕ್ಕಿ ಅದು. ಆ ಹೆಸರಿನ ಕೊನೆಯನ್ನು ತೆಗೆದುಕೊಂಡು ‘ಓಡುಮುಳುಕ’, ‘ತುಂಬುಮುಳುಕ’ ಎಂದರೆ ಹೇಗೆ? ಓಡಿ ಮುಳುಗುವುದು, ತುಂಬಿಕೊಂಡು ಮುಳುಗುವುದು. ಕೇಳಿದ ಕೂಡಲೇ ಯಾವುದು ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಾಗುತ್ತದೆ. ಆದರೆ ಕಿವಿಗೆ ತಮಾಷೆಯಾಗಿ ಕೇಳಿಸುತ್ತದೆಯೇ ಎಂಬ ಅನುಮಾನ ಇದೆ.

ಈಗ ‘ಮುಳುಗು’. ಸೂರ್ಯನೂ ಮುಳುಗುತ್ತಾನೆ, ಸಾಲ ಮಾಡಿದವನೂ ಮುಳುಗುತ್ತಾನೆ, ಓದಿನಲ್ಲೂ ಮುಳುಗುತ್ತೇವೆ. “ನಿಮ್ಮ ಜಲಾಂತರ್ಗಾಮಿ ಮುಳುಗಿತಂತೆ” ಎಂದು ಯಾರಾದರೂ ಹೇಳಿದರೆ ಅದು ಶಹಬ್ಬಾಸ್‌ಗಿರಿಯೋ ಸಾಂತ್ವನವೋ ಹೇಳಲಾಗದು. ಕೈಪಿಡಿಗೆ ಇದು ದೊಡ್ಡ ತೊಂದರೆ. ಬೇಕೆಂದೇ ಇಳಿಯುವುದು ಬೇರೆ, ತಳ ಸೇರಿ ಕೈಬಿಟ್ಟುಹೋಗುವುದು ಬೇರೆ.

ಹಾಗೆ ನೋಡಿದರೆ ಕನ್ನಡ ಇದನ್ನು ಕ್ರಿಯಾಪದದ ಬಾಲದಲ್ಲಿ ಆಗಲೇ ಬಿಡಿಸಿಟ್ಟಿದೆ. ‘ಮುಳುಗು ಹಾಕು’ ಎಂದರೆ ಹಾಕುವವರ ಇಷ್ಟದಿಂದ ನಡೆಯುವ ಕೆಲಸ. ‘ಮುಳುಗಿಹೋಗು’ ಎಂದರೆ ನಷ್ಟ. ಎರಡೂ ಒಟ್ಟಿಗೆ ಬರುವ ಒಂದು ವಾಕ್ಯವನ್ನು ಕೈಪಿಡಿಯಿಂದಲೇ ಕೊಡುತ್ತೇನೆ: “2.4 ಗಿಗಾಹರ್ಟ್ಸ್ ರಿಮೋಟ್ ಹಾಕಿದ ತುಂಬುಮುಳುಕ, ಮುಳುಗು ಹಾಕಿದ ಕೂಡಲೇ ಸಿಗ್ನಲ್ ಕಳೆದುಕೊಂಡು ಮುಳುಗಿಹೋಗಬಹುದು.” ಆ ಅಲೆಗಳನ್ನು ನೀರು ಬಹಳ ಬೇಗ ಹೀರಿಬಿಡುತ್ತದೆ. ಅದಕ್ಕೇ ಈ ಹವ್ಯಾಸದವರು ಇಂದಿಗೂ 27, 40, 75 ಮೆಗಾಹರ್ಟ್ಸ್‌ನಂಥ ಹಳೆಯ ರಿಮೋಟುಗಳನ್ನು ಜೋಪಾನ ಮಾಡುತ್ತಾರೆ. ಯಾವುದನ್ನು ಬಳಸಬಹುದು ಎಂಬುದು ಆಯಾ ದೇಶದ ನಿಯಮ. ಸಿಹಿನೀರಿನಲ್ಲಿ ಅವು ಕೆಲವು ಮೀಟರ್ ಆಳದವರೆಗೂ ಮುಟ್ಟುತ್ತವೆ. ಉಪ್ಪುನೀರಿನಲ್ಲಿ ಅವೂ ಸೋಲುತ್ತವೆ.

ನನ್ನ ಪ್ರಶ್ನೆ ಇಷ್ಟು. ‘ಮುಳುಗು ಹಾಕು’ ಅಂದಾಗ ಮುಳುಗಿ ಕೂಡಲೇ ಏಳುವ ಅರ್ಥ ಬರುತ್ತದೆ ಅಲ್ವಾ? ಹತ್ತು ನಿಮಿಷ ನೀರೊಳಗೇ ಸುತ್ತಾಡುವ ಮಾದರಿಗೆ ಅದು ಹೊಂದುತ್ತದೆಯೇ? ಇಳಿಯುವ ಕ್ಷಣಕ್ಕೆ ‘ಮುಳುಗು ಹಾಕು’, ಒಳಗಿರುವಷ್ಟು ಹೊತ್ತಿಗೆ ‘ಮುಳುಗಿರು’ ಎಂದು ಎರಡು ಮಾಡಿಕೊಂಡಿದ್ದೇನೆ. ಒಪ್ಪಿಗೆಯೇ?

ಬ್ಯಾಲಾಸ್ಟ್, ಅಂದರೆ ಹಡಗು ಬೇಕೆಂದೇ ಹೊತ್ತುಕೊಳ್ಳುವ ಭಾರ, ಇನ್ನೊಂದು ತಲೆನೋವು. ಇಂಗ್ಲಿಷಿನಲ್ಲಿ ರೈಲುಹಳಿಯ ಕೆಳಗಿನದೂ ಬ್ಯಾಲಾಸ್ಟೇ, ಟ್ಯೂಬ್‌ಲೈಟಿನದೂ ಬ್ಯಾಲಾಸ್ಟೇ. ನಾವು ಒಂದನ್ನು ಜಲ್ಲಿ, ಇನ್ನೊಂದನ್ನು ಚೋಕ್ ಅಂದುಕೊಂಡು ಆರಾಮಾಗಿದ್ದೇವೆ. ಹಡಗಿನದಕ್ಕೆ ‘ನಿಲುಭಾರ’ ಎಂಬ ಪದವಿದೆ. ಒಳ್ಳೆಯ ಪದ. ಮಾದರಿಯ ತಳದಲ್ಲಿ ಅಂಟಿಸುವ ಸೀಸದ ತುಂಡುಗಳಿಗೆ ಚೆನ್ನಾಗಿ ಒಪ್ಪುತ್ತದೆ, ಯಾಕೆಂದರೆ ಅವು ಅದನ್ನು ನೆಟ್ಟಗೆ ನಿಲ್ಲಿಸುತ್ತವೆ. ಭಾರ ಕೆಳಗೆ, ತೇಲಿಸುವ ಫೋಮ್ ಮೇಲೆ. ಇದು ತಿರುಗುಮುರುಗಾದರೆ ಮಾದರಿ ಮಗುಚಿಕೊಳ್ಳುತ್ತದೆ. ಆದರೆ ತೊಟ್ಟಿಗೆ ತುಂಬುವ ನೀರು ನಿಲ್ಲಿಸುವುದಕ್ಕಲ್ಲ, ಇಳಿಸುವುದಕ್ಕೆ. ಅದನ್ನೂ ನಿಲುಭಾರ ಅನ್ನಲು ನನಗೆ ಮನಸ್ಸಿಲ್ಲ. ‘ಇಳಿನೀರು’, ‘ಇಳಿನೀರಿನ ತೊಟ್ಟಿ’ ಎಂದು ಬರೆದಿದ್ದೇನೆ.

ತೊಟ್ಟಿ ಎಷ್ಟು ದೊಡ್ಡದಿರಬೇಕು ಎಂಬುದು ಹೊಸಬರ ಮೊದಲ ಪ್ರಶ್ನೆ. ಉತ್ತರ ಸುಲಭ. ತೇಲುವಾಗ ನೀರಿನ ಮೇಲೆ ಕಾಣುವ ಭಾಗದ ಗಾತ್ರ 300 ಮಿಲಿಲೀಟರ್ ಆದರೆ, ಅದನ್ನು ಒಳಗೆಳೆಯಲು 300 ಗ್ರಾಂ ನೀರು ಬೇಕು. ಆದರೆ ಇಲ್ಲೊಂದು ಜಾಣತನ ಇದೆ. ಹೊರಗಿನ ಒಡಲಿಗೆ ಕಿಂಡಿಗಳನ್ನು ಬಿಟ್ಟು, ನೀರು ತಾನಾಗಿಯೇ ಹೊಕ್ಕು ಹೊರಬರುವಂತೆ ಮಾಡಬಹುದು. ಆಗ ಲೆಕ್ಕಕ್ಕೆ ಬರುವುದು ನೀರಿನ ಮೇಲಿರುವ ಪ್ಲಾಸ್ಟಿಕ್ಕಿನ ದಪ್ಪ ಮತ್ತು ಅಲ್ಲಿ ಮುಚ್ಚಿಟ್ಟ ಭಾಗಗಳು ಮಾತ್ರ. ತೊಟ್ಟಿ ತುಂಬಾ ಚಿಕ್ಕದಾದರೂ ನಡೆಯುತ್ತದೆ. ಇಂಗ್ಲಿಷಿನ ‘ವೆಟ್ ಹಲ್’ ಅನ್ನು ‘ಒದ್ದೆ ಒಡಲು’ ಎಂದರೆ ಮಳೆಯಲ್ಲಿ ನೆನೆದು ಬಂದಂತೆ ಕೇಳಿಸುತ್ತದೆ. ಗಾಳಿಯಾಡುವ ಕೋಣೆ ಅನ್ನುತ್ತೇವಲ್ಲ, ಅದೇ ಜಾಡಿನಲ್ಲಿ ‘ನೀರಾಡುವ ಒಡಲು’ ನನಗೆ ಹಿಡಿಸಿದೆ. ಇದನ್ನು ಬಿಟ್ಟುಕೊಡಲು ಸುಲಭಕ್ಕೆ ಒಪ್ಪಲಾರೆ!

ಆ ಒಡಲಿನೊಳಗೆ ಮೋಟಾರು, ಬ್ಯಾಟರಿಗಳನ್ನು ಕಾಪಾಡುವ ಬಿಗಿಯಾದ ಕೊಳವೆ ಇರುತ್ತದೆ. ಸಾಮಾನ್ಯವಾಗಿ ಅಕ್ರಿಲಿಕ್‌ನದು, ಎರಡೂ ಕಡೆ ರಬ್ಬರ್ ಉಂಗುರ ಕೂರಿಸಿದ ಮುಚ್ಚಳ. ಇಲ್ಲಿ ಕನ್ನಡದ್ದೇ ಶ್ರೀಮಂತಿಕೆ. ಇಂಗ್ಲಿಷಿನ ‘ಲೀಕ್’ ಒಂದಕ್ಕೆ ನಮ್ಮಲ್ಲಿ ಸೋರು, ಜಿನುಗು, ಒಸರು, ತೊಟ್ಟಿಕ್ಕು ಎಲ್ಲ ಇವೆ. ಇವನ್ನು ದೋಷ ಹುಡುಕಲು ಬಳಸಿಕೊಳ್ಳಬಾರದೇಕೆ? ಮುಚ್ಚಳ ಸರಿಯಾಗಿ ಕೂರದಿದ್ದರೆ ಸೋರುತ್ತದೆ. ಪ್ರೊಪೆಲ್ಲರಿನ ಸರಳು ಹೊರಬರುವಲ್ಲಿ ಗ್ರೀಸ್ ಕಡಿಮೆಯಾದರೆ, ಸೀಲ್ ಸವೆದರೆ, ಓಡುವಾಗ ಜಿನುಗುತ್ತದೆ. ಅಂಟು ಹಾಕಿದ ಕಡೆ ಕಣ್ಣಿಗೆ ಕಾಣದ ಬಿರುಕಿದ್ದರೆ ಒಸರುತ್ತದೆ. ಪರೀಕ್ಷೆ ಮಾತ್ರ ಎಲ್ಲಕ್ಕೂ ಒಂದೇ: ಕೊಳವೆಗೆ ತುಸು ಗಾಳಿ ಊದಿ, ನೀರಲ್ಲಿ ಅದುಮಿ, ಗುಳ್ಳೆ ಎಲ್ಲಿಂದ ಬರುತ್ತದೆ ನೋಡುವುದು. ನಾನು ಗಾಳಿ ಹೊರಬಂದರೆ ‘ಸೋರು’, ನೀರು ಒಳಬಂದರೆ ‘ಒಸರು’ ಎಂದು ಬೇರೆ ಮಾಡಲು ಹೊರಟಿದ್ದೆ. ಆದರೆ ಮಾಳಿಗೆ ಸೋರಿದಾಗ ನೀರು ಒಳಗೇ ಬರುತ್ತದಲ್ಲ, ಹಾಗಾಗಿ ಆ ಭೇದ ನಿಲ್ಲಲಿಲ್ಲ.

‘ಬಾಯನ್ಸಿ’ಗೆ ಪ್ಲವನತೆ, ತೇಲುವಿಕೆ ಎರಡನ್ನೂ ಓದಿದ್ದೇನೆ. ತೇಲುವಿಕೆ ಸಾಕು. ಕಷ್ಟ ಇರುವುದು ತೇಲಲೂ ಬಾರದ, ಮುಳುಗಲೂ ಬಾರದ ಆ ನಡುವಿನ ಸ್ಥಿತಿಗೆ. ‘ನಡುನೀರ ನಿಲುವು’ ಚೆಂದ ಕೇಳುತ್ತದೆ, ಆದರೆ ಅದು ನಿಲ್ಲುವುದೇ ಇಲ್ಲ. ಒಂದು ಗೇಣು ಕೆಳಗಿಳಿದರೂ ಒಳಗಿನ ಗಾಳಿ, ಫೋಮ್ ತುಸು ಕುಗ್ಗುತ್ತವೆ. ಹೊರತಳ್ಳುವ ನೀರು ಕಡಿಮೆಯಾಗುತ್ತದೆ, ಮಾದರಿ ಇನ್ನೂ ಕೆಳಗಿಳಿಯುತ್ತದೆ. ಅನುಭವಿಗಳು ಕೂದಲೆಳೆಯಷ್ಟು ಹಗುರವಾಗಿಯೇ ಇಟ್ಟು, ಆಳವನ್ನು ರೆಕ್ಕೆಗಳಿಂದ ಹಿಡಿಯುತ್ತಾರೆ. ‘ಸಮತೂಕ’ ಎಂದರೆ ನಿಲ್ಲುವ ಆಸೆ ಹುಟ್ಟಿಸುವುದಿಲ್ಲ, ಅದನ್ನೇ ಇಟ್ಟುಕೊಳ್ಳಲೇ?

‘ಟ್ರಿಮ್ ಮಾಡುವುದಕ್ಕೆ’, ಅಂದರೆ ಮಾದರಿ ಬೇಕಾದ ಮಟ್ಟದಲ್ಲಿ ನೆಟ್ಟಗೆ ತೇಲುವಂತೆ ಭಾರ ಹೊಂದಿಸುವುದಕ್ಕೆ, ಹದ ಮಾಡುವುದು ಎಂದಿದ್ದೇನೆ. ಇದರಲ್ಲಿ ಅನುಮಾನವೇ ಇಲ್ಲ. 4 ಕಿಲೋ ತೂಗುವ ಮಾದರಿಯನ್ನು ಸಿಹಿನೀರಿನಲ್ಲಿ ಹದ ಮಾಡಿ ಕಡಲಿಗೆ ಬಿಟ್ಟರೆ ಸುಮಾರು 100 ಗ್ರಾಂ ಹೆಚ್ಚು ಭಾರ ಬೇಕಾಗುತ್ತದೆ, ಹದ ಕೆಟ್ಟಿತು ಎನ್ನಬಹುದು. ರೆಕ್ಕೆಗಳಿಗೆ ‘ಅಡ್ಡ ಚುಕ್ಕಾಣಿ’, ಎಡಬಲಕ್ಕೆ ತಿರುಗಿಸುವ ಹಿಂದಿನ ಹಲಗೆಗೆ ಬರೀ ‘ಚುಕ್ಕಾಣಿ’ ಎಂದಿದ್ದೇನೆ.

ಕೊನೆಗೆ ಒಂದು. ಮುಂದಿನ ತುದಿಗೆ ‘ಮೂತಿ’, ಹಿಂದಿನದಕ್ಕೆ ‘ಬಾಲ’ ಅಂತ ಬರೆದುಕೊಂಡಿದ್ದೇನೆ. ಇದು ಮೀನಿಗೆ ಸರಿ, ದೋಣಿಗೆ ಸರಿಯೇ? ದೋಣಿ ಕಟ್ಟುವವರ, ನಡೆಸುವವರ ಬಾಯಲ್ಲಿ ಇವೆರಡಕ್ಕೂ, ಒಂದು ಕಡೆ ವಾಲುವುದಕ್ಕೂ ಬೇರೆ ಮಾತು ಕೇಳಿದವರಿದ್ದರೆ ದಯವಿಟ್ಟು ತಿಳಿಸಿ. ಹೇಗೆ ಉಚ್ಚರಿಸುತ್ತಾರೋ ಹಾಗೇ ಬರೆದರೆ ಸಾಕು.